ಕೈ ತಾಕದ ಕಕ್ಕಸು

ಸೇತುರಾಮನಿಗೆ ಹೇಸಿಗೆ ಎನ್ನುವುದು ಹುಟ್ಟಿನಿಂದಲೇ ಬಂದ ವಿದ್ಯೆ. ಹೋಟೆಲಿನ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ಅವನು ಬಾಯಿಗಿಟ್ಟವನಲ್ಲ. ಬಸ್ಸಿನ ಕಂಬಿಗೆ ಕರ್ಚೀಫು ಸುತ್ತಿ ಹಿಡಿಯುತ್ತಿದ್ದ, ಬಾಗಿಲುಗಳನ್ನು ಮೊಣಕೈಯಿಂದ ನೂಕುತ್ತಿದ್ದ, ಯಾರಾದರೂ ಕೈ ಕುಲುಕಲು ಬಂದರೆ ದೂರದಿಂದಲೇ ನಮಸ್ಕಾರ ಮಾಡಿ ತಪ್ಪಿಸಿಕೊಳ್ಳುತ್ತಿದ್ದ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಡಬ್ಬಿ, ಅದರೊಳಗೆ ಸೋಪಿನ ಚೂರು. ಕೊರೋನಾ ಬಂದು ಊರಿಗೆ ಊರೇ ಕೈ ತೊಳೆಯತೊಡಗಿದಾಗ, “ನೋಡ್ದ್ಯಾ, ಎಲ್ಲಾರೂ ಕೊನೆಗೆ ನನ್ ದಾರಿಗೇ ಬಂದ್ರು” ಎಂದು ಹೆಂಡತಿಯ ಮುಂದೆ ಬೀಗಿದ್ದ. “ನೀವು ಬಿಡಿ, ಮಾಸ್ಕ್ ಹಾಕ್ಕೊಂಡೇ ಹುಟ್ಟಿದೋರು” ಎಂದಿದ್ದಳು ಪಂಕಜಾ.

ಇಂಥವನು ಆಯಸ್ಸಿನ ಮೂವತ್ತು ವರ್ಷಗಳನ್ನು ಕಕ್ಕಸಿನ ಸೇವೆಗೆ ಒಪ್ಪಿಸಿದ ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಅದೇ. ಬಸವೇಶ್ವರನಗರದಲ್ಲಿ ಮನೆ, ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ಡು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಸೇತುರಾಮ ಆ ಶೆಡ್ಡಿನಲ್ಲಿ ಗಾರ್ಮೆಂಟಿನವರ ಹೊಲಿಗೆ ಯಂತ್ರಗಳ ಬಿಡಿಭಾಗ ಮಾಡಿಕೊಡುತ್ತ ಜೀವನ ಸಾಗಿಸುತ್ತಿದ್ದ. ಅದು ಹೊಟ್ಟೆಪಾಡು. ಅವನ ನಿಜವಾದ ಹುಚ್ಚು ಶುರುವಾದದ್ದು ಅವನ ಮದುವೆಯಿಂದ.

ಮದುವೆ ನಡೆದದ್ದು ರಾಜಾಜಿನಗರದ ಒಂದು ಛತ್ರದಲ್ಲಿ, ತೊಂಬತ್ಮೂರನೇ ಇಸವಿಯಲ್ಲಿ. ಮದುವೆಯಾದ ಮೂರನೇ ದಿನ ಪಂಕಜಾಳಿಗೆ ಚಳಿಜ್ವರ ಬಂತು. ಪರೀಕ್ಷೆ ಮಾಡಿದ ಡಾಕ್ಟರಮ್ಮ, ಎಷ್ಟು ಹೊತ್ತು ಮೂತ್ರ ಕಟ್ಟಿಕೊಂಡಿದ್ದೆಯಮ್ಮ ಎಂದು ಗದರಿದಳು. ಬೆಳಗಿನ ಜಾವ ನಾಲ್ಕರಿಂದ ಸಂಜೆ ಐದರವರೆಗೆ ಮದುಮಗಳು ಒಂದು ಸಲವೂ ಕಕ್ಕಸಿಗೆ ಹೋಗಿರಲಿಲ್ಲ. ಹೋಗಬೇಕಾಗಿ ಬಂದೀತೆಂದು ನೀರನ್ನೂ ಕುಡಿದಿರಲಿಲ್ಲ. ಒಮ್ಮೆ ಬಾಗಿಲವರೆಗೆ ಹೋಗಿ, ಒಳಗೆ ಇಣುಕಿ, ಸೀರೆಯ ನೆರಿಗೆ ಎತ್ತಿಕೊಂಡು ವಾಪಸು ಓಡಿ ಬಂದಿದ್ದಳಂತೆ.

“ಅಂಥದ್ದೇನಿತ್ತು ಅಲ್ಲಿ?” ಎಂದು ಕೇಳಿದ ಸೇತುರಾಮ.

ಪಂಕಜಾ ಹೇಳಿದಳು. ಅವಳು ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದರೆ ಓದುವವರು ಊಟ ಬಿಡಬೇಕಾಗುತ್ತದೆ. ಕಟ್ಟಿಕೊಂಡು ತುಂಬಿ ನಿಂತ ಗುಂಡಿ, ಗೋಡೆಯ ಮೇಲೆ ಎಲೆಅಡಿಕೆಯ ಉಗುಳು, ಮೂಲೆಯಲ್ಲಿ ಯಾರೋ ಮಡಚಿಯೂ ಮಡಚದೆ ಎಸೆದ ಬಟ್ಟೆ, ಅದರ ಮೇಲೆ ನೊಣ. ಹೊರಗೆ ಛತ್ರದ ಹಾಲಿನಲ್ಲಿ ಪನ್ನೀರು ಚಿಮುಕಿಸುತ್ತ, ಗಂಧ ಹಚ್ಚುತ್ತ ನಿಂತಿದ್ದ ಜನವೇ ಒಳಗೆ ಹೋಗಿ ಅದನ್ನೆಲ್ಲ ಮಾಡಿ ಬಂದಿದ್ದರು. ಥೂ, ನಮ್ಮ ಜನರೇ ಹೀಗೆ. ಮನೆಯ ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಹತ್ತು ಜನ ಬಳಸುವ ಜಾಗವನ್ನು ಹಂದಿಯೂ ಮೂಸದ ಹಾಗೆ ಮಾಡಿಟ್ಟು ಬರುತ್ತಾರೆ.

ಪೂರ್ತಿ ಕೇಳುವುದು ಸೇತುರಾಮನಿಂದ ಆಗಲಿಲ್ಲ. ಅವನು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು, ಹಾಸಿಗೆಯಲ್ಲಿ ಮಲಗಿದ್ದ ಹೆಂಡತಿಗೆ ಮಾತು ಕೊಟ್ಟ: “ತನ್ನಷ್ಟಕ್ಕೆ ತಾನೇ ತೊಳಕೊಳ್ಳೋ ಕಕ್ಕಸು ಮಾಡ್ತೀನಿ ಕಣೇ. ಯಾರೂ ಒಳಗೆ ಕೈ ಹಾಕ್ಬಾರ್ದು. ಯಾರೂ ಅಂದ್ರೆ ಯಾರೂ.” ಹೊಸ ಗಂಡನ ಮಾತಲ್ಲವೇ, ಪಂಕಜಾ ಹೂಂ ಎಂದಳು. ಒಡವೆ ಮಾಡಿಸಿಕೊಡುತ್ತೇನೆ ಎನ್ನುವ ಗಂಡಂದಿರನ್ನು ಅವಳು ಕಂಡಿದ್ದಳು. ಇಂಥ ಮಾತು ಕೊಟ್ಟವನನ್ನು ಕಂಡಿದ್ದು ಅದೇ ಮೊದಲು.

ಮೊದಲನೆಯ ಯಂತ್ರ ಯಂತ್ರವೇ ಅಲ್ಲ. ನರ್ಸಿಂಗ್ ಹೋಮಿನ ಗುಜರಿಯಿಂದ ತಂದ ಗ್ಲೂಕೋಸ್ ಬಾಟಲಿಗೆ ಫಿನಾಯಿಲ್ ತುಂಬಿ, ಒಂದು ಛತ್ರದ ಕಕ್ಕಸಿನ ಗೋಡೆಗೆ ನೇತುಹಾಕಿ, ಅದರ ಕೊಳವೆಯಿಂದ ತೊಟ್ಟು ತೊಟ್ಟಾಗಿ ಕೆಳಗೆ ಬೀಳುವ ಹಾಗೆ ಮಾಡಿದ್ದ. ಕೆಲಸವೇನೋ ಮಾಡಿತು. ಆದರೆ ಕಕ್ಕಸಿನಲ್ಲಿ ಗ್ಲೂಕೋಸ್ ಬಾಟಲಿ ನೋಡಿದ ಒಬ್ಬ ಮುದುಕರು, ಇಲ್ಲಿ ಯಾವುದೋ ರೋಗಿಯನ್ನು ಮಲಗಿಸಿದ್ದರು ಎಂದು ಸುದ್ದಿ ಹಬ್ಬಿಸಿದ್ದರಿಂದ ಬೀಗರಲ್ಲಿ ಅರ್ಧ ಜನ ಊಟಕ್ಕೆ ಕೂರಲಿಲ್ಲ. ಛತ್ರದವರು ಬಾಟಲಿಯನ್ನು ಕಿತ್ತು ರಸ್ತೆಗೆ ಎಸೆದರು.

ಎರಡನೆಯದಕ್ಕೆ ಹಳೆಯ ವಾಷಿಂಗ್ ಮೆಷಿನ್ನಿನ ಟೈಮರು ಹಾಕಿದ. ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲಿನಿಂದ ಔಷಧ ಸಿಂಪಡಿಸುವ ಏರ್ಪಾಟು. ಟೈಮರಿಗೆ ಗಂಟೆ ಗೊತ್ತಿತ್ತೇ ಹೊರತು ಒಳಗೆ ಕೂತವರು ಗೊತ್ತಿರಲಿಲ್ಲ. ವಿಜಯನಗರದ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನಿಗೆ ಕೂತಲ್ಲೇ ಅಭಿಷೇಕವಾಗಿ, ಅವರು ರೇಷ್ಮೆ ಪಂಚೆಯಲ್ಲಿ ಫಿನಾಯಿಲ್ ನಾರುತ್ತ ಧಾರೆಗೆ ಬಂದು ನಿಂತರು. ಆ ಕತೆಯನ್ನು ಪಂಕಜಾ ಇವತ್ತಿಗೂ ನೆಂಟರ ಮನೆಗಳಲ್ಲಿ ಹೇಳಿ ನಗುತ್ತಾಳೆ.

ಬಹಳ ವರ್ಷ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದು ಚಿಲಕದ ಉಪಾಯ. ಒಳಗೆ ಹೋದವನು ಚಿಲಕ ಹಾಕುತ್ತಾನೆ. ಚಿಲಕ ಬಿದ್ದಿದೆ ಎಂದರೆ ಮನುಷ್ಯನಿದ್ದಾನೆ, ಯಂತ್ರ ತೆಪ್ಪಗಿರಬೇಕು. ಚಿಲಕ ತೆಗೆದು, ಸ್ಪ್ರಿಂಗಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು ಎಂದರೆ ಖಾಲಿ, ಅರ್ಧ ನಿಮಿಷ ಕಾದು ಯಂತ್ರ ಶುರು. ಚಿಲಕದ ತೂತಿನೊಳಗೆ ಒಂದು, ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಸ್ವಿಚ್ಚು ಕೂರಿಸಿದ. ಮೂರನೆಯ ಯಂತ್ರ ಗೆದ್ದಿತು. ಬಾಗಿಲ ಒಳಬದಿಗೆ ‘ದಯವಿಟ್ಟು ಚಿಲಕ ಹಾಕಿಕೊಳ್ಳಿ’ ಎಂದು ಬೋರ್ಡು ಬರೆಸಿದ. “ಚಿಲ್ಕ ಹಾಕ್ದೆ ಕಕ್ಕಸಲ್ಲಿ ಯಾರ್ರೀ ಇರ್ತಾರೆ?” ಎಂದು ಅವನು ಗಿರಾಕಿಗಳಿಗೆ ಹೆಮ್ಮೆಯಿಂದ ಕೇಳುತ್ತಿದ್ದ. ಯಾರೂ ಇರುವುದಿಲ್ಲ ಎಂದು ಅವರೂ ತಲೆ ಆಡಿಸುತ್ತಿದ್ದರು.

ಕೊರೋನಾದ ನಂತರ ಬಂದದ್ದು ನಾಲ್ಕನೆಯದು, ಚಿಲಕದ ಉಪಾಯ ಮೊದಲಿನದೇ. ಫಿನಾಯಿಲಿನ ಜಾಗಕ್ಕೆ ಬ್ಲೀಚಿಂಗ್ ದ್ರಾವಣ, ನಾಲ್ಕು ಮೂಲೆಯಿಂದ ಒಂದು ನಿಮಿಷದ ಸಿಂಚನ, ಅದಾದ ಮೇಲೆ ಇನ್ನೊಂದು ಡಬ್ಬಿಯಿಂದ ಮಲ್ಲಿಗೆಯ ಸೆಂಟು. ಮೂವತ್ತು ವರ್ಷದ ಅನುಭವ ಅವನಿಗೆ ಒಂದು ಗುಟ್ಟು ಕಲಿಸಿತ್ತು. ನಮ್ಮ ಜನ ಸ್ವಚ್ಛತೆಯನ್ನು ನೋಡುವುದು ಮೂಗಿನಿಂದ. ಛತ್ರದ ಮಾಲೀಕ ಹೊಸಿಲಿನಲ್ಲಿ ನಿಂತು ಮೂಸುತ್ತಾನೆ, ಘಮ್ ಎಂದರೆ ಚೊಕ್ಕಟ, ಗಬ್ಬು ಎಂದರೆ ಕೊಳಕು. ಅದರಾಚೆಗೆ ಕಾಲಿಟ್ಟು ನೋಡುವ ತಾಕತ್ತು ಯಾರಿಗೂ ಇಲ್ಲ.

ಹೇಳಲೇಬೇಕಾದ ಮಾತು ಒಂದಿದೆ. ಸೇತುರಾಮನಿಗೂ ಆ ತಾಕತ್ತು ಇರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಛತ್ರಗಳಿಗೆ ಯಂತ್ರ ಹಾಕಿದರೂ ಅವನು ಒಂದರ ಒಳಗೂ ಹೋಗಿರಲಿಲ್ಲ. ಒಳಗೆ ಹೋಗುತ್ತಿದ್ದವನು ಅವನ ಫಿಟ್ಟರ್ ಮಹೇಶ್, ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಹೇಶ್ ಒಳಗಿನಿಂದ ಟೇಪು ಹಿಡಿದು ಅಳತೆ ಕೂಗುತ್ತಿದ್ದ, ಸೇತುರಾಮ ಹೊರಗೆ ಕರ್ಚೀಫು ಮೂಗಿಗೊತ್ತಿಕೊಂಡು ಬರೆದುಕೊಳ್ಳುತ್ತಿದ್ದ. ಕೆಲಸ ಮುಗಿದ ಮೇಲೆ ಹೊಸಿಲಿನಲ್ಲಿ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದು, “ಓಕೆ ಮಹೇಶ್” ಎನ್ನುತ್ತಿದ್ದ. ಅವನ ಇಡೀ ಪರೀಕ್ಷೆ ಅಷ್ಟೇ.

ಕೆಂಗೇರಿಯಲ್ಲಿ ಗಂಗಾಧರಯ್ಯನ ಕಲ್ಯಾಣ ಮಂಟಪಕ್ಕೆ ನಾಲ್ಕನೆಯ ಯಂತ್ರ ಕೂತದ್ದು ಹೋದ ವರ್ಷದ ಆಷಾಢದಲ್ಲಿ. ಗಂಡಸರ ಕಡೆಯ ನಾಲ್ಕು ಕಕ್ಕಸುಗಳಿಗೂ ಹಾಕಿದರು. ಗಂಗಾಧರಯ್ಯ ಮೂಸಿ ನೋಡಿ, “ಸೇತುರಾಮ್ ಅವ್ರೇ, ಇದು ಕಕ್ಕಸೋ ಹೂವಿನ ಅಂಗ್ಡಿಯೋ?” ಎಂದು ಬೆನ್ನು ತಟ್ಟಿದ. ಸೇತುರಾಮ ಮನೆಗೆ ಬಂದು ಅಂಗಿ ಬಿಚ್ಚಿ ನೆನೆಹಾಕಿ, ಸ್ನಾನ ಮಾಡಿ, ಪಂಕಜಾಳಿಗೆ ಹೇಳಿದ: “ಆಯ್ತು ಕಣೇ. ಇನ್ಮೇಲೆ ಅಲ್ಲಿ ಯಾರೂ ಕೈ ಹಾಕ್ಬೇಕಾಗಿಲ್ಲ.”

ಆ ಮಂಟಪದಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸು ಕೆಲಸಕ್ಕಿದ್ದಳು. ಐವತ್ತರ ಆಸುಪಾಸು, ಕೆರೆಯಾಚೆಯ ಕಾಲೊನಿಯಿಂದ ಬರುತ್ತಿದ್ದಳು. ಅವಳ ಕೆಲಸವೇನೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಹಿಂದ್ಗಡೆ ಕೆಲ್ಸ’ ಎನ್ನುತ್ತಿದ್ದರು. ಸೇತುರಾಮ ಅವಳನ್ನು ಎಷ್ಟೋ ಸಲ ನೋಡಿದ್ದ, ಹೆಸರೂ ಗೊತ್ತಿತ್ತು. ಯಂತ್ರ ಬಂದ ಮೇಲೆ ಅವಳಿಗೆ ಬರೀ ಹೊರಗೆ ಗುಡಿಸುವ ಕೆಲಸ ಉಳಿದಿದೆ ಎಂದು ಅವನು ಸಂತೋಷಪಟ್ಟುಕೊಂಡಿದ್ದ. ಅವಳನ್ನು ಕೇಳಬೇಕೆಂದು ಅವನಿಗೆ ಅನ್ನಿಸಿರಲಿಲ್ಲ.

ಶ್ರಾವಣ ಬಂತು, ಮದುವೆಗಳು ಶುರುವಾದವು. ಒಂದು ಬುಧವಾರ ಮಧ್ಯಾಹ್ನ ಸೇತುರಾಮ ಡಬ್ಬಿಗಳಿಗೆ ದ್ರಾವಣ ತುಂಬಿಸಲು ಮಂಟಪಕ್ಕೆ ಹೋದ. ಮಹೇಶನಿಗೆ ಅತ್ತಿಗುಪ್ಪೆಯಲ್ಲಿ ಬೇರೆ ಕೆಲಸವಿದ್ದುದರಿಂದ ಅವನು ಆಮೇಲೆ ಬರುವುದೆಂದು ಮಾತಾಗಿತ್ತು. ಸಂಜೆ ಆರತಕ್ಷತೆ. ಮಂಟಪದ ಹಾಲಿನಲ್ಲಿ ಹೂವಿನವರು ಏಣಿ ಹತ್ತಿದ್ದರು, ಅಡಿಗೆಮನೆಯಲ್ಲಿ ಭಟ್ಟರು ಬೂಂದಿ ಕರಿಯುತ್ತಿದ್ದರು. ಸೇತುರಾಮ ಹಿಂದಿನ ಓಣಿಯಲ್ಲಿ, ಎಂದಿನ ಹಾಗೆ ಗಂಡಸರ ಕಕ್ಕಸಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಮಹೇಶನಿಗೆ ಕಾಯುತ್ತಿದ್ದ.

ಒಳಗಿನಿಂದ ಕೆಮ್ಮು ಕೇಳಿಸಿತು. ಯಾರೋ ಬೀಡಿ ಸೇದುತ್ತಿರಬೇಕು ಎಂದುಕೊಂಡು ಅವನು ಮುಖ ಸಿಂಡರಿಸಿದ. ಕೆಮ್ಮು ನಿಲ್ಲಲಿಲ್ಲ. ನಡುವೆ ಬಕೆಟ್ಟು ಉರುಳಿದ ಸದ್ದು. ಆಮೇಲೆ ವಾಸನೆ ಬಂತು. ಮಲ್ಲಿಗೆಯಲ್ಲ, ಫಿನಾಯಿಲಲ್ಲ, ಮೂಗಿನ ಒಳಗೆ ಸೂಜಿ ಚುಚ್ಚಿದಂಥ ಖಾರದ ವಾಸನೆ. ಕಣ್ಣಲ್ಲಿ ನೀರು ಬಂತು.

ಆ ಕಟ್ಟಡದಲ್ಲಿದ್ದ ಅಷ್ಟು ಜನರಲ್ಲಿ ಆ ವಾಸನೆ ಏನೆಂದು ಗೊತ್ತಿದ್ದವನು ಸೇತುರಾಮ ಒಬ್ಬನೇ. ಬ್ಲೀಚಿಂಗ್ ದ್ರಾವಣದ ಮೇಲೆ ಆಸಿಡ್ ಬಿದ್ದರೆ ವಿಷಗಾಳಿ ಏಳುತ್ತದೆ. ಅದು ಕ್ಯಾನಿನ ಮೇಲೇ ಇಂಗ್ಲಿಷಿನಲ್ಲಿ ಬರೆದಿತ್ತು. ಸೇತುರಾಮ ಅದನ್ನು ಕನ್ನಡದಲ್ಲಿ ಟೈಪು ಮಾಡಿಸಿ ಗಂಗಾಧರಯ್ಯನಿಗೆ ಕೊಟ್ಟಿದ್ದ, ಆ ಹಾಳೆ ಗಂಗಾಧರಯ್ಯನ ಮೇಜಿನ ಗಾಜಿನ ಕೆಳಗೆ ಭದ್ರವಾಗಿತ್ತು. ಇತ್ತ ಮಂಟಪದಲ್ಲಿ ಮೊದಲಿನಿಂದ ಒಂದು ರೂಢಿ ಇತ್ತು. ಬೀಗರು ಬರುವ ಮುಂಚೆ ಹಳದಿ ಕಲೆ ಹೋಗಲು ಆಸಿಡ್ ಸುರಿದು ಉಜ್ಜುವುದು. ಚಿಕ್ಕತಾಯಮ್ಮ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟು ಉಜ್ಜುತ್ತಿದ್ದಳು, ಬಾಗಿಲು ತೆರೆದೇ ಇರುತ್ತಿದ್ದುದರಿಂದ ಯಂತ್ರ ಸುಮ್ಮನಿರುತ್ತಿತ್ತು. ಆ ದಿನ ಹೆಣ್ಣಿನ ಕಡೆಯವರು ಎರಡು ಗಂಟೆ ಮುಂಚೆಯೇ ಬಂದಿಳಿದರು. ಆಸಿಡ್ಡಿನ ವಾಸನೆ ಊಟದ ಮನೆಗೆ ಬರುತ್ತದೆ, ಬಾಗಿಲು ಮುಚ್ಚಿಕೊಂಡು ತೊಳಿ ಎಂದು ಮ್ಯಾನೇಜರು ಕೂಗಿ ಹೋದ. ಅವಳು ಬಕೆಟ್ಟು ಒಳಗೆಳೆದುಕೊಂಡಳು. ಸ್ಪ್ರಿಂಗಿನ ಬಾಗಿಲು ಮುಚ್ಚಿಕೊಂಡಿತು. ಚಿಲಕ ಬೀಳಲಿಲ್ಲ. ಒಳಗೆ ಯಾರೂ ಇಲ್ಲ ಎಂದು ಯಂತ್ರ ತಿಳಿದುಕೊಂಡಿತು.

ಸೇತುರಾಮ ಓಡಿದ. ಕಕ್ಕಸಿನ ಹೊಸಿಲವರೆಗೆ ಓಡಿದ. ಅಲ್ಲಿ ನೆಲದ ಮೇಲೆ ನೀರು ಹರಿದು ಬಂದಿತ್ತು, ಹಳದಿ ಬಣ್ಣದ, ನೊರೆ ನೊರೆಯಾದ ನೀರು, ಅದರಲ್ಲಿ ಏನೋ ತೇಲುತ್ತಿತ್ತು. ಅವನ ಕಾಲು ನಿಂತುಬಿಟ್ಟಿತು. ಒಳಗೆ ಅವಳು ಬಾಗಿಲು ಗೀಚುತ್ತಿದ್ದುದು ಕೇಳುತ್ತಿತ್ತು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವಳು ಅದರ ಮೇಲೇ ಬಿದ್ದಿದ್ದಳು. ನೂಕಿದರೆ ಸಾಕಿತ್ತು. ಸೇತುರಾಮ ನೂಕಲಿಲ್ಲ. “ಯಾರಾದ್ರೂ ಬನ್ರೀ! ಯಾರಾದ್ರೂ ಬನ್ರೀ!” ಎಂದು ಕೂಗುತ್ತ ತಿರುಗಿ ಅಡಿಗೆಮನೆಗೆ ಓಡಿದ. ಒಳಗೆ ಹೋಗುವಂಥವರು ಯಾರಾದರೂ ಬೇಕು ಎಂದು ಅವನ ತಲೆಯಲ್ಲಿ ಓಡುತ್ತಿತ್ತು. ತಾನೂ ಅಂಥವನಾಗಬಹುದು ಎಂದು ಹೊಳೆಯಲೇ ಇಲ್ಲ.

ಅಡಿಗೆಯ ಉದಯಕುಮಾರ್ ಜಾಲರಿಯನ್ನು ಬಾಣಲೆಯಲ್ಲೇ ಬಿಟ್ಟು ಬಂದ. ಹೆಗಲ ಮೇಲಿನ ಟವೆಲ್ಲನ್ನು ಕುಡಿಯುವ ನೀರಿನ ಹಂಡೆಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು, ಬರಿಗಾಲಲ್ಲಿ ಆ ನೀರನ್ನು ತುಳಿದುಕೊಂಡು ಒಳಗೆ ನುಗ್ಗಿ, ಬಾಗಿಲಿಗೆ ಭುಜ ಕೊಟ್ಟು ನೂಕಿ, ಅವಳನ್ನು ರಟ್ಟೆ ಹಿಡಿದು ಹೊರಗೆಳೆದ. ಅವಳ ಸೀರೆ, ಕೈ, ಕೂದಲು ಎಲ್ಲ ಆ ಹೊಲಸಿನಲ್ಲಿ ಅದ್ದಿಹೋಗಿತ್ತು. ಉದಯಕುಮಾರ್ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮುಖಕ್ಕೆ ನೀರು ತಟ್ಟಿದ. ಸೇತುರಾಮ ನಾಲ್ಕು ಮಾರು ದೂರದಲ್ಲಿ ಕರ್ಚೀಫು ಹಿಡಿದು ನಿಂತಿದ್ದ.

ಅವಳು ಸಾಯಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಶ್ವಾಸಕೋಶ ಸುಟ್ಟಿದೆ, ಇನ್ನು ಮೆಟ್ಟಿಲು ಹತ್ತುವುದೂ ಕಷ್ಟ ಎಂದ ಡಾಕ್ಟರು, “ಇನ್ನೊಂದ್ ಸ್ವಲ್ಪ ಬೇಗ ಹೊರಗ್ ಎಳ್ಕೊಂಡಿದ್ರೆ ಇಷ್ಟ್ ಆಗ್ತಿರ್ಲಿಲ್ಲ” ಎಂದ. ಯಾರು ಎಷ್ಟು ಹೊತ್ತು ತಡ ಮಾಡಿದರೆಂದು ಅವನಿಗೆ ಗೊತ್ತಿರಲಿಲ್ಲ. ಸೇತುರಾಮನಿಗೆ ಗೊತ್ತಿತ್ತು.

ಮೂರನೆಯ ದಿನ ಅವನು ಎಳನೀರು ತೆಗೆದುಕೊಂಡು ನೋಡಲು ಹೋದ. ವಾರ್ಡಿನ ಬಾಗಿಲನ್ನು ಮೊಣಕೈಯಿಂದ ನೂಕಿದ. ಕ್ಷಮೆ ಕೇಳಬೇಕೆಂದು ಹೋದವನ ಬಾಯಿಂದ ಬಂದದ್ದು ಬೇರೆಯೇ ಮಾತು.

“ಅಲ್ಲಮ್ಮ, ಬಾಗ್ಲಲ್ಲಿ ಬೋರ್ಡಿದೆ. ಒಂದು ಚಿಲ್ಕ ಹಾಕ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ವಲ್ಲ.”

ಚಿಕ್ಕತಾಯಮ್ಮ ಮೂಗಿನ ಕೊಳವೆಯನ್ನು ಸರಿಮಾಡಿಕೊಂಡಳು. ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು. “ಚಿಲ್ಕ ಹಾಕ್ಕಂಡು... ಯಾರ್ ಸಾರ್ ಕಕ್ಕಸ್ ತೊಳೀತಾರೆ? ಕೂರಕ್ ಹೋಗೋರು ಹಾಕ್ಕತಾರೆ.” ಉಸಿರು ಎಳೆದುಕೊಂಡು ಅವಳೇ ಕೇಳಿದಳು, “ನೀವು ಮಿಷನ್ ಮಾಡೋವಾಗ... ತೊಳ್ಯೋರು ಯಾರು ಅಂತ ಮಾಡಿದ್ರಿ?”

“ಮೆಷಿನ್ನೇ ತೊಳಿಯತ್ತಲ್ಲಮ್ಮ.”

ಅವಳಿಗೆ ನಗು ಬಂತೋ ಕೆಮ್ಮು ಬಂತೋ, ನರ್ಸು ಬಂದು ಸೇತುರಾಮನನ್ನು ಹೊರಗೆ ಕಳಿಸಿದಳು. ಎಳನೀರನ್ನು ಅವನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಯಾವುದಕ್ಕೂ ಕೈ ತಾಕದ ಹಾಗೆ ಇಟ್ಟು ಬಂದ.

ಮನೆಗೆ ಬಂದರೆ ಗಂಗಾಧರಯ್ಯನ ಫೋನು. “ನಿಮ್ ಮಿಷನ್ದೇನೂ ತಪ್ಪಿಲ್ಲ ಬಿಡಿ ಸಾರ್. ಆಸಿಡ್ ಹಾಕು ಅಂತ ಮಿಷನ್ ಹೇಳ್ತಾ? ನಿನ್ನೆ ಒಂದು ಮದ್ವೆ ಆಯ್ತು, ತೊಳ್ಯೋರೇ ಇಲ್ದೆ ನಡೀತು. ಈಗ್ಲೂ ಘಮಘಮ ಅಂತಿದೆ. ನಾಳಿದ್ದು ಇನ್ನೊಂದಿದೆ, ಡಬ್ಬಿ ಖಾಲಿಯಾಗಿದ್ರೆ ತುಂಬ್ಸಿಕೊಟ್ಬಿಡಿ.” ಒಂದು ಜೀವದ ಬಗ್ಗೆ ಆಡಿದ ಮಾತು ಇಷ್ಟೇ. ಸೇತುರಾಮನಿಗೆ ಆ ಮನುಷ್ಯನ ಮೇಲೆ ಅಸಹ್ಯ ಹುಟ್ಟಿತು. ಅದರ ಹಿಂದೆಯೇ, ಆ ‘ತಪ್ಪಿಲ್ಲ ಬಿಡಿ’ ಕೇಳಿ ತನಗೆ ಒಂದು ಗಳಿಗೆ ಹಾಯೆನಿಸಿತಲ್ಲ ಎಂದು ತನ್ನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು. ಊಟ ಸೇರಲಿಲ್ಲ.

“ರೀ, ಅವತ್ತು ನೀವೇ ಅಲ್ಲಿದ್ರಂತಲ್ಲ?” ಎಂದು ಪಂಕಜಾ ಕೇಳಿದಳು. ಅವನು ಹೂಂ ಎಂದ. ಅವಳು ಅವನು ಮುಟ್ಟದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವನು ಮಹೇಶನನ್ನು ಕರೆದುಕೊಂಡು ಕೆಂಗೇರಿಗೆ ಹೋದ. ಯಂತ್ರಗಳನ್ನು ಕಳಚಿ ವಾಪಸು ತರುವುದು ಎಂದು ತೀರ್ಮಾನಿಸಿದ್ದ. ಹಿಂದಿನ ಓಣಿಗೆ ಬರುವ ಹೊತ್ತಿಗೆ ಮಲ್ಲಿಗೆಯ ವಾಸನೆ ಬಂತು. ಗಂಗಾಧರಯ್ಯ ಸುಳ್ಳು ಹೇಳಿರಲಿಲ್ಲ. ಮಹೇಶ್ ಎಂದಿನಂತೆ ಪ್ಯಾಂಟು ಮಡಚಿಕೊಳ್ಳತೊಡಗಿದ.

“ಸ್ಪ್ಯಾನರ್ ಕೊಡು. ನಾನೇ ಬಿಚ್ತೀನಿ” ಎಂದ ಸೇತುರಾಮ.

ಮಹೇಶ್ ಅವನ ಮುಖ ನೋಡಿದ. “ಬೇಡ ಸಾರ್. ನಿಮ್ಗಾಗಲ್ಲ.”

“ಕೊಡು ಅಂದ್ನಲ್ಲ.”

ಮೊದಲು ಮೇನ್ ಸ್ವಿಚ್ಚು ಆರಿಸಿದ. ಕರ್ಚೀಫನ್ನು ಜೇಬಿಗೆ ಹಾಕಿಕೊಂಡ. ಹೊಸಿಲು ದಾಟಿ, ಮೊದಲನೆಯ ಕಕ್ಕಸಿನ ಬಾಗಿಲನ್ನು ಅಂಗೈಯಿಂದಲೇ ನೂಕಿ ಒಳಗೆ ಹೋದ. ತನ್ನ ಯಂತ್ರ ಕೆಲಸ ಮಾಡುವ ಜಾಗವನ್ನು ಅವನು ನೋಡಿದ್ದು ಅದೇ ಮೊದಲು.

ಗೋಡೆಗಳು ಫಳಫಳ ಹೊಳೆಯುತ್ತಿದ್ದವು. ಚಾವಣಿಯಲ್ಲಿ ಒಂದು ಜೇಡರ ಬಲೆಯೂ ಇರಲಿಲ್ಲ. ಕೆಳಗೆ, ಗುಂಡಿಯ ಸುತ್ತ, ಒಂದು ಮದುವೆಯ ಅಷ್ಟೂ ಹೊಲಸು ಹಾಗೇ ಬಿದ್ದಿತ್ತು. ಒಣಗಿದ್ದರ ಮೇಲೆ ಹಸಿ, ಹಸಿಯ ಮೇಲೆ ಬೆಳ್ಳಗಾಗಿ ನಿಂತ ದ್ರಾವಣ, ಅಂಚಿನಲ್ಲಿ ಯಾರದೋ ಚಪ್ಪಲಿ ಒರೆಸಿದ ಗುರುತು, ಗುಟ್ಕಾ ಚೀಟಿಗಳು, ಕಟ್ಟಿಕೊಂಡ ತೂತಿನಲ್ಲಿ ಉಬ್ಬಿದ ಕಾಗದ. ಮೇಲಿನಿಂದ ಸಿಂಪಡಿಸಿದ ಔಷಧ ಅದನ್ನು ನೆನೆಸಿತ್ತು, ಘಮಘಮಿಸುವಂತೆ ಮಾಡಿತ್ತು, ಒಂದು ಬೆರಳಿನಷ್ಟೂ ಕದಲಿಸಿರಲಿಲ್ಲ. ಆಷಾಢದಿಂದ ಈಚೆಗೆ ಇದನ್ನೆಲ್ಲ ಇಲ್ಲಿಂದ ಸಾಗಿಸುತ್ತಿದ್ದುದು ಯಂತ್ರವಲ್ಲ. ಆಷಾಢದಿಂದ ಏನು, ಗ್ಲೂಕೋಸ್ ಬಾಟಲಿಯ ಕಾಲದಿಂದ ಎಲ್ಲ ಛತ್ರಗಳಲ್ಲಿ ಯಾರೋ ಒಬ್ಬರು ಕುಕ್ಕರುಗಾಲಲ್ಲಿ ಕೂತು, ಕೈ ಹಾಕಿ ಬಳಿದು, ಉಜ್ಜಿ, ಅವನು ಬಂದು ಮೂಸುವಷ್ಟರಲ್ಲಿ ಹೊರಟುಹೋಗಿರುತ್ತಿದ್ದರು. ಅವನು ಅವರ ಕೆಲಸಕ್ಕೆ ಸೆಂಟು ಹೊಡೆದು ತನ್ನ ಹೆಸರು ಹಾಕಿಕೊಂಡಿದ್ದ.

ಸ್ಪ್ಯಾನರನ್ನು ಮೊದಲ ಬೋಲ್ಟಿಗೆ ಹಾಕುವ ಮುಂಚೆಯೇ ಹೊಟ್ಟೆಯಿಂದ ಎಲ್ಲ ಕಿತ್ತುಕೊಂಡು ಬಂತು. ಗೋಡೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಆ ಹೊಲಸಿನ ಮೇಲೇ ವಾಂತಿ ಮಾಡಿಕೊಂಡ. ಎರಡು ಸಲ, ಮೂರು ಸಲ. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಕಣ್ಣು ಬಿಡದೆಯೇ, ಬಾಗಿಲ ಕಡೆ ತಿರುಗಿ ಕೂಗಿದ:

“ಚಿಕ್ಕತಾಯಮ್ಮಾ, ಇಲ್ಲಿ ಸ್ವಲ್ಪ ನೀರು ಹಾಕಮ್ಮಾ.”

ಯಾರೂ ಬರಲಿಲ್ಲ. ಹೊರಗಿನಿಂದ ಮಹೇಶ್, “ಆಯಮ್ಮ ಆಸ್ಪತ್ರೇಲಿದೆಯಲ್ಲ ಸಾರ್” ಎಂದ.